ಪ್ರೌಢಶಾಲಾ ವಿಷಯ ಶಿಕ್ಷಕರಾಗುವ ತರಬೇತಿ: ಕೊಡಗಿನ ಅಭ್ಯರ್ಥಿಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಪ್ರೌಢಶಾಲೆ ಎಂದರೆ 8, 9 ಮತ್ತು 10ನೇ ತರಗತಿಗಳು. ಇಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ವಿಷಯಗಳನ್ನೂ ಬೋಧಿಸುವುದಿಲ್ಲ. ಭಾಷೆಗೆ, ಗಣಿತಕ್ಕೆ, ವಿಜ್ಞಾನಕ್ಕೆ, ಸಮಾಜ ವಿಜ್ಞಾನಕ್ಕೆ ಬೇರೆ ಬೇರೆ ಶಿಕ್ಷಕರಿರುತ್ತಾರೆ. ಈ ಹುದ್ದೆಗೆ ಪದವಿ ಮತ್ತು ಬಿ.ಇಡಿ. ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಯಾವ ವಿಷಯದ ಶಿಕ್ಷಕರಾಗುತ್ತೀರಿ ಎಂಬುದು ಬಹುಮಟ್ಟಿಗೆ ಪದವಿಗೆ ಸೇರುವ ದಿನವೇ ತೀರ್ಮಾನವಾಗುತ್ತದೆ, ಎಂಥ ಶಿಕ್ಷಕರಾಗುತ್ತೀರಿ ಎಂಬುದು ಬಿ.ಇಡಿ.ಯ ಇಂಟರ್ನ್‌ಶಿಪ್ ವಾರಗಳಲ್ಲಿ ತೀರ್ಮಾನವಾಗುತ್ತದೆ. ಅಭ್ಯರ್ಥಿಗಳು ಹೆಚ್ಚಾಗಿ ಉದಾಸೀನ ಮಾಡುವುದೂ ಈ ಎರಡನ್ನೇ. ಆದ್ದರಿಂದ ಈ ಬರಹ ಆ ಎರಡು ಘಟ್ಟಗಳಲ್ಲಿ ಹೆಚ್ಚು ಹೊತ್ತು ನಿಂತು, ಉಳಿದವನ್ನು ಅಗತ್ಯವಿದ್ದಷ್ಟೇ ಹೇಳುತ್ತದೆ.

ಹಂತ 1: ವಿಷಯವನ್ನು ಪದವಿಯಲ್ಲೇ ನಿಶ್ಚಯಿಸಿಕೊಳ್ಳುವುದು

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರೌಢಶಾಲಾ ಸಹ ಶಿಕ್ಷಕರ ಹುದ್ದೆಗಳು ವಿಷಯವಾರು ವಿಂಗಡಣೆಯಾಗಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ ಶಿಕ್ಷಕರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝೆಡ್ ಶಿಕ್ಷಕರು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂಥ ವಿಷಯಗಳವರು ಕಲಾ ಶಿಕ್ಷಕರು. ಕನ್ನಡ, ಇಂಗ್ಲಿಷ್, ಹಿಂದಿಯವರು ಭಾಷಾ ಶಿಕ್ಷಕರು. ನೇಮಕಾತಿಯ ಹೊತ್ತಿನಲ್ಲಿ ಪದವಿಯ ಅಂಕಪಟ್ಟಿಯಲ್ಲಿರುವ ಕಾಂಬಿನೇಷನ್ ಮತ್ತು ಬಿ.ಇಡಿ.ಯಲ್ಲಿ ಓದಿದ ಮೆಥಡ್ ವಿಷಯಗಳು, ಅಂದರೆ ಬೋಧನಾ ವಿಧಾನ ಕಲಿಯಲು ಆರಿಸಿಕೊಂಡ ಎರಡು ಶಾಲಾ ವಿಷಯಗಳು, ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲಾಗುತ್ತದೆ. ಹೊಂದದಿದ್ದರೆ ಎಷ್ಟೇ ಅಂಕ ಬಂದಿದ್ದರೂ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಾಗಲಿ, ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಾಗಲಿ, ಜಿಲ್ಲೆಯ ಇನ್ನಾವುದೇ ಪದವಿ ಕಾಲೇಜಿನಲ್ಲಾಗಲಿ ಪ್ರವೇಶ ಪಡೆಯುವಾಗ, ಆ ವರ್ಷ ಅಲ್ಲಿ ಯಾವ ಕಾಂಬಿನೇಷನ್ ನಡೆಯುತ್ತದೆ ಎಂಬುದಕ್ಕಿಂತ, ಆ ಕಾಂಬಿನೇಷನ್ ಯಾವ ಹುದ್ದೆಯ ಬಾಗಿಲು ತೆರೆಯುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಭಾಷಾ ಶಿಕ್ಷಕರಾಗಬೇಕೆಂದಿರುವವರು ಆ ಭಾಷೆಯನ್ನು ಐಚ್ಛಿಕ ವಿಷಯವಾಗಿ ಓದಿರಬೇಕು; ಎಲ್ಲರೂ ಓದುವ ಭಾಷಾ ಪತ್ರಿಕೆಯಷ್ಟೇ ಸಾಲದು.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದ ಪದವಿ ಪಠ್ಯಕ್ರಮ ಬದಲಾಗಿ, ಮೂರು ಐಚ್ಛಿಕ ವಿಷಯಗಳ ಬದಲು ಎರಡು ಪ್ರಧಾನ ವಿಷಯಗಳ ವ್ಯವಸ್ಥೆ ಬಂತು. 2024-25ರಿಂದ ಮತ್ತೆ ಮೂರು ವಿಷಯಗಳ, ಮೂರು ವರ್ಷಗಳ ಪದವಿಗೆ ಮರಳಲಾಯಿತು. ನಡುವಿನ ವರ್ಷಗಳಲ್ಲಿ ಓದಿದವರು ತಮ್ಮ ಎರಡು ವಿಷಯಗಳನ್ನು ಅಧಿಸೂಚನೆ ಕೇಳುವ ಕಾಂಬಿನೇಷನ್‌ನೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಿಕೊಳ್ಳುವುದು ಅಗತ್ಯ. ಗೆಳೆಯರ ಅರ್ಜಿ ಅಂಗೀಕಾರವಾಯಿತು ಎಂಬುದು ಇಲ್ಲಿ ಆಧಾರವಾಗದು, ಏಕೆಂದರೆ ಒಂದೇ ಕಾಲೇಜಿನ ಇಬ್ಬರ ಅಂಕಪಟ್ಟಿಗಳೂ ಒಂದೇ ರೀತಿ ಇರುವುದಿಲ್ಲ. ಬಿ.ಕಾಂ., ಬಿ.ಸಿ.ಎ. ಮುಗಿಸಿದವರೂ ಬಿ.ಇಡಿ.ಗೆ ಹಣ ಕಟ್ಟುವ ಮುನ್ನ ಇದೇ ಎಚ್ಚರ ವಹಿಸಬೇಕು: ಪ್ರವೇಶ ಸಿಗುವುದು ಬೇರೆ, ಪ್ರೌಢಶಾಲಾ ಹುದ್ದೆಗೆ ಅರ್ಹರಾಗುವುದು ಬೇರೆ.

ಕೇಂದ್ರೀಯ ವಿದ್ಯಾಲಯ, ನವೋದಯದಂಥ ಕೇಂದ್ರ ಸಂಸ್ಥೆಗಳ ನಿಯಮ ಇನ್ನೂ ಬಿಗಿ. ಉದಾಹರಣೆಗೆ, ಅಲ್ಲಿ ಸಮಾಜ ವಿಜ್ಞಾನದ ಟಿಜಿಟಿ (ತರಬೇತಾದ ಪದವೀಧರ ಶಿಕ್ಷಕ) ಹುದ್ದೆಗೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎರಡನ್ನು ಓದಿರಬೇಕು ಮತ್ತು ಆ ಎರಡರಲ್ಲಿ ಒಂದು ಇತಿಹಾಸ ಅಥವಾ ಭೂಗೋಳವೇ ಆಗಿರಬೇಕು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮಾತ್ರ ಓದಿದವರಿಗೆ ಗಾಳಿಬೀಡಿನ ನವೋದಯ ಮನೆಗೆ ಎಷ್ಟು ಹತ್ತಿರವಿದ್ದರೂ ಪ್ರಯೋಜನವಿಲ್ಲ.

ಹಂತ 2: ತರಬೇತಿಯ ದಾರಿಯನ್ನು ಆರಿಸಿಕೊಳ್ಳುವುದು

ಬಹುಪಾಲು ಅಭ್ಯರ್ಥಿಗಳ ದಾರಿ ಪದವಿಯ ನಂತರದ ಎರಡು ವರ್ಷಗಳ ಬಿ.ಇಡಿ. ಮೊದಲು ಒಂದು ವರ್ಷವಿದ್ದ ಈ ಕೋರ್ಸನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತನ್ನ 2014ರ ನಿಯಮಾವಳಿಯ ಮೂಲಕ ಎರಡು ವರ್ಷಕ್ಕೆ ವಿಸ್ತರಿಸಿತು. ಪ್ರವೇಶಕ್ಕೆ ಪದವಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 50 ಅಂಕಗಳಿರಬೇಕು. ಎಂಜಿನಿಯರಿಂಗ್ ಪದವೀಧರರಿಗೆ ಶೇ 55. ಮೀಸಲು ವರ್ಗಗಳಿಗೆ ಸರ್ಕಾರದ ನಿಯಮದಂತೆ ಸಡಿಲಿಕೆಯಿದೆ.

ಪಿಯುಸಿ ಮುಗಿಸಿದ ಕೂಡಲೇ ಶಿಕ್ಷಕ ವೃತ್ತಿಯೇ ಬೇಕೆಂದು ನಿಶ್ಚಯಿಸಿದವರಿಗೆ ಇನ್ನೊಂದು ದಾರಿಯಿದೆ. ಅದು ಪದವಿ ಮತ್ತು ಬಿ.ಇಡಿ. ಎರಡನ್ನೂ ಸೇರಿಸಿದ ನಾಲ್ಕು ವರ್ಷಗಳ ಸಂಯೋಜಿತ ಕೋರ್ಸು. ಮೈಸೂರಿನ ಮಾನಸಗಂಗೋತ್ರಿಯ ಬಳಿಯಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ಆರ್‌ಐಇ, ಎನ್‌ಸಿಇಆರ್‌ಟಿಯ ಅಂಗವಾಗಿ 1963ರಲ್ಲಿ ಆರಂಭವಾದದ್ದು. ಸಂಯೋಜಿತ ಕೋರ್ಸುಗಳಿಗೆ ಅದು ದಶಕಗಳಿಂದ ಹೆಸರಾಗಿದೆ. ಈ ಸಂಯೋಜಿತ ಕೋರ್ಸಿನ ಹೊಸ ಮಾದರಿಯಾದ ಐಟಿಇಪಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2023ರಿಂದ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತಿದೆ. ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಬಿ.ಇಡಿ. ಸೇರಿ ಐದು ವರ್ಷವಾದರೆ ಇಲ್ಲಿ ನಾಲ್ಕೇ ವರ್ಷ. ಆದರೆ ಹದಿನೆಂಟರ ವಯಸ್ಸಿನಲ್ಲಿ ಮಾಡಿದ ನಿರ್ಧಾರ ನಾಲ್ಕು ವರ್ಷವೂ ಗಟ್ಟಿಯಾಗಿ ಉಳಿಯುತ್ತದೆಯೇ ಎಂಬುದನ್ನು ಅಭ್ಯರ್ಥಿಯೇ ಯೋಚಿಸಬೇಕು. ಮನಸ್ಸು ಇನ್ನೂ ತೂಗಾಡುತ್ತಿದ್ದರೆ ಸಾಮಾನ್ಯ ಪದವಿಯ ದಾರಿಯೇ ವಾಸಿ.

ಮೂರನೆಯದು ದೂರಶಿಕ್ಷಣ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋ ನೀಡುವ ಬಿ.ಇಡಿ. ಎಲ್ಲರಿಗೂ ಅಲ್ಲ. ಎನ್‌ಸಿಟಿಇ ನಿಯಮದಂತೆ ಅದು ಸೇವೆಯಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರಿಗೆ, ಅಥವಾ ಎನ್‌ಸಿಟಿಇ ಮಾನ್ಯತೆಯ ಶಿಕ್ಷಕ ತರಬೇತಿಯೊಂದನ್ನು ತರಗತಿಗೆ ಹಾಜರಾಗಿ ಮುಗಿಸಿದವರಿಗೆ ಮಾತ್ರ. ‘ಮನೆಯಲ್ಲೇ ಕುಳಿತು ಬಿ.ಇಡಿ. ಮುಗಿಸಬಹುದು’ ಎಂದು ಯಾರಾದರೂ ಕರೆ ಮಾಡಿದರೆ, ಅವರ ಮಾತು ಇಲ್ಲಿಗೇ ನಿಲ್ಲಲಿ.

ಹಂತ 3: ಅರ್ಜಿ ಮತ್ತು ದಾಖಲೆ

ಬಿ.ಇಡಿ. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಇದಕ್ಕೆ ಪ್ರವೇಶ ಪರೀಕ್ಷೆಯಿಲ್ಲ. ಪದವಿಯ ಅಂಕ ಮತ್ತು ಮೀಸಲಾತಿಯ ಆಧಾರದ ಮೇಲೆ ಆಯ್ಕೆ ನಡೆಯುತ್ತದೆ. ಅರ್ಜಿ ಆನ್‌ಲೈನಿನಲ್ಲಿ, ದಾಖಲೆ ಪರಿಶೀಲನೆ ಸಾಮಾನ್ಯವಾಗಿ ಜಿಲ್ಲೆಯ ನೋಡಲ್ ಕೇಂದ್ರದಲ್ಲಿ. ಕೊಡಗಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಎಲ್ಲರ ಬಾಯಲ್ಲಿ ಡಯಟ್, ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿದೆ.

ಪರಿಶೀಲನೆಗೆ ಹೋಗುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಎಲ್ಲ ಸೆಮಿಸ್ಟರುಗಳ ಮೂಲ ಅಂಕಪಟ್ಟಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರ, 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಗಳು ಕೈಯಲ್ಲಿರಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳುವವರು ಆ ನಮೂನೆಗಳಿಗೆ ತಾವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಮಾಡಿಸಬೇಕು. ಕೊಡಗಿನಲ್ಲಿ ಇದು ಹೇಳಿದಷ್ಟು ಸಲೀಸಲ್ಲ. ಒಂದರಿಂದ ಐದರವರೆಗೆ ಒಂದು ಊರಿನಲ್ಲಿ, ಆರು ಏಳಕ್ಕೆ ಇನ್ನೊಂದು ಊರಿನಲ್ಲಿ, ಪ್ರೌಢಶಾಲೆಗೆ ಮತ್ತೊಂದು ಹೋಬಳಿಯಲ್ಲಿ ಓದಿದವರೇ ಹೆಚ್ಚು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ಅದರ ದಾಖಲಾತಿ ವಹಿ ಈಗ ಯಾವ ಶಾಲೆಯಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅರ್ಜಿ ಕರೆದ ಮೇಲೆ ಓಡಾಡುವುದಕ್ಕಿಂತ ಪದವಿಯ ಕೊನೆಯ ವರ್ಷದ ರಜೆಯಲ್ಲೇ ಈ ಕೆಲಸ ಮುಗಿಸಿಕೊಂಡರೆ ಮಳೆಗಾಲದ ಅಲೆದಾಟ ತಪ್ಪುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸಮತಳ ಮೀಸಲಾತಿ, ಅಂದರೆ ಪ್ರತಿ ವರ್ಗದ ಒಳಗೇ ಸಿಗುವ ಮೀಸಲಾತಿ, ಇರುವುದರಿಂದ ಇದೇ ದಾಖಲೆಗಳು ಮುಂದೆಯೂ ಕೆಲಸಕ್ಕೆ ಬರುತ್ತವೆ. ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ; ಮನೆತನದ ಹೆಸರು ಕೆಲವು ಕಡೆ ಮೊದಲು, ಕೆಲವು ಕಡೆ ಇನಿಷಿಯಲ್ ಆಗಿ ಬರುವ ಕೊಡಗಿನ ದಾಖಲೆಗಳಲ್ಲಿ ಈ ತೊಡಕು ಆಗಾಗ ಕಾಣುತ್ತದೆ.

ಹಂತ 4: ಕಾಲೇಜನ್ನು ಆರಿಸುವುದು

ಮೊದಲ ಪ್ರಶ್ನೆ ಒಂದೇ: ಕಾಲೇಜಿಗೆ ಎನ್‌ಸಿಟಿಇ ದಕ್ಷಿಣ ಪ್ರಾದೇಶಿಕ ಸಮಿತಿಯ ಮಾನ್ಯತೆ ಚಾಲ್ತಿಯಲ್ಲಿದೆಯೇ, ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ ನವೀಕರಣವಾಗಿದೆಯೇ. ಮಾನ್ಯತೆಯಿಲ್ಲದ ಕಾಲೇಜಿನ ಬಿ.ಇಡಿ. ಸರ್ಕಾರಿ ಹುದ್ದೆಗೂ ಅನುದಾನಿತ ಹುದ್ದೆಗೂ ನಡೆಯುವುದಿಲ್ಲ. ಕೊಡಗಿನ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದು, 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಸ್ಥಾಪನೆಯಾಗಿರುವುದರಿಂದ, ಅಂಕಪಟ್ಟಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಸೇರುವಾಗಲೇ ಕೇಳಿ ತಿಳಿದುಕೊಳ್ಳಿ.

ಎರಡನೆಯ ಪ್ರಶ್ನೆ, ನಿಮ್ಮ ಎರಡು ಮೆಥಡ್ ವಿಷಯಗಳಿಗೂ ಅಲ್ಲಿ ಕಾಯಂ ಬೋಧಕರಿದ್ದಾರೆಯೇ. ಗಣಿತದ ಮೆಥಡನ್ನು ಇತಿಹಾಸದವರು ನೋಡಿಕೊಳ್ಳುವ ಕಾಲೇಜಿನಲ್ಲಿ ಎರಡು ವರ್ಷ ಕಳೆದರೆ ಪ್ರಮಾಣಪತ್ರವೇನೋ ಬರುತ್ತದೆ. ಮೂರನೆಯದು, ಇಂಟರ್ನ್‌ಶಿಪ್ಪಿಗೆ ಕಾಲೇಜು ಯಾವ ಶಾಲೆಗಳಿಗೆ ಕಳುಹಿಸುತ್ತದೆ ಎಂಬುದು. ಕಟ್ಟಡ, ಸಮವಸ್ತ್ರ, ಫಲಿತಾಂಶದ ಫ್ಲೆಕ್ಸ್ ನೋಡಿ ಕಾಲೇಜು ಆರಿಸುವವರೇ ಹೆಚ್ಚು. ನನ್ನ ಮಟ್ಟಿಗೆ, ಹಿಂದಿನ ಸಾಲಿನ ಇಬ್ಬರು ವಿದ್ಯಾರ್ಥಿಗಳನ್ನು ಹಿಡಿದು ‘ನಿಮ್ಮ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ನೋಡಿದವರು ಯಾರು, ಎಷ್ಟು ಸಲ?’ ಎಂದು ಕೇಳುವುದು ಇವೆಲ್ಲಕ್ಕಿಂತ ಮೇಲಾದ ಪರೀಕ್ಷೆ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು, ಜಿಲ್ಲೆಗೆ ರೈಲಿಲ್ಲ. ಮೈಸೂರಿನ ಕಾಲೇಜು ಆರಿಸುವವರು ದಿನವೂ ಬಸ್ಸಿನಲ್ಲಿ ಹೋಗಿಬರುವ ಲೆಕ್ಕ ಹಾಕಬಾರದು. ಎನ್‌ಸಿಟಿಇ ನಿಯಮದಂತೆ ತರಗತಿಗಳಿಗೆ ಶೇ 80, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ 90 ಹಾಜರಾತಿ ಕಡ್ಡಾಯ. ಹಣ ಕೊಟ್ಟರೆ ಹಾಜರಾತಿ ತಾನೇ ಬೀಳುತ್ತದೆ ಎನ್ನುವ ಕಾಲೇಜುಗಳೂ ಇವೆ. ಅಲ್ಲಿ ಓದಿದವರು ಮೊದಲ ಸಲ ನಿಜವಾದ ತರಗತಿಯನ್ನು ನೋಡುವುದು ಸಂಬಳಕ್ಕೆ ಸೇರಿದ ದಿನ.

ಹಂತ 5: ಮೊದಲ ವರ್ಷ

ಮೊದಲ ವರ್ಷದಲ್ಲಿ ಬಾಲ್ಯ ಮತ್ತು ಬೆಳವಣಿಗೆ, ಕಲಿಕೆಯ ಮನೋವಿಜ್ಞಾನ, ಶಿಕ್ಷಣ ಮತ್ತು ಸಮಾಜದಂಥ ಪತ್ರಿಕೆಗಳ ಜೊತೆಗೆ ಎರಡು ಮೆಥಡ್ ವಿಷಯಗಳು ಶುರುವಾಗುತ್ತವೆ. ಸಿದ್ಧಾಂತದ ಪತ್ರಿಕೆಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಮುಂದೆ ಬರೆಯುವ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ಅವೇ ಮತ್ತೆ ಬರುವುದರಿಂದ ಟಿಪ್ಪಣಿಗಳನ್ನು ಕಾಪಾಡಿಕೊಳ್ಳಿ ಎಂದಷ್ಟೇ ಸೂಚನೆ.

ಸೂಕ್ಷ್ಮ ಬೋಧನೆಯನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬಾರದು. ಐದರಿಂದ ಹತ್ತು ನಿಮಿಷ, ಎದುರಿಗೆ ಸಹಪಾಠಿಗಳು, ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನಿಸುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು, ಮಗುವಿನ ಉತ್ತರಕ್ಕೆ ಪ್ರತಿಕ್ರಿಯಿಸುವುದು. ಸಹಪಾಠಿಗಳು ಎಂಟನೇ ತರಗತಿಯ ಮಕ್ಕಳಂತೆ ನಟಿಸುವಾಗ ನಗು ಬರುವುದು ಸಹಜ. ಆದರೆ ಪ್ರಶ್ನೆ ಕೇಳಿ ಎಷ್ಟು ಸೆಕೆಂಡಿಗೆ ನೀವೇ ಉತ್ತರ ಹೇಳಿಬಿಡುತ್ತೀರಿ ಎಂಬುದನ್ನು ಗೆಳೆಯರೊಬ್ಬರು ಗಡಿಯಾರ ನೋಡಿ ಬರೆದುಕೊಂಡರೆ ನಗು ಅಲ್ಲಿಗೇ ನಿಲ್ಲುತ್ತದೆ. ಹೊಸಬರಲ್ಲಿ ಹೆಚ್ಚಿನವರು ಮಕ್ಕಳಿಗೆ ಯೋಚಿಸಲು ಬಿಡುವುದೇ ಇಲ್ಲ.

ಇದೇ ವರ್ಷ ಮಾಡಿಕೊಳ್ಳಬೇಕಾದ ಇನ್ನೊಂದು ಕೆಲಸ ಯಾವ ಪಠ್ಯಕ್ರಮದಲ್ಲೂ ಇಲ್ಲ. ಅದು, ನಿಮ್ಮ ವಿಷಯದ 8, 9, 10ನೇ ತರಗತಿಯ ಪಠ್ಯಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಅಭ್ಯಾಸದವರೆಗೆ ಪೆನ್ನು ಹಿಡಿದು ಮುಗಿಸುವುದು. ಪದವಿಯಲ್ಲಿ ಅವಕಲ ಸಮೀಕರಣ ಬಿಡಿಸಿದವರಿಗೂ ಋಣಸಂಖ್ಯೆಗಳ ಗುಣಲಬ್ಧ ಏಕೆ ಧನವಾಗುತ್ತದೆ ಎಂದು ಹದಿಮೂರು ವರ್ಷದ ಮಗುವಿಗೆ ಹೇಳಲು ತಡವರಿಸಬೇಕಾಗುತ್ತದೆ. ಸಿಬಿಝೆಡ್ ಓದಿದವರು ವಿಜ್ಞಾನ ಪುಸ್ತಕದ ಬೆಳಕು ಮತ್ತು ವಿದ್ಯುಚ್ಛಕ್ತಿಯ ಅಧ್ಯಾಯಗಳನ್ನು, ಕಲಾ ಶಿಕ್ಷಕರಾಗುವವರು ಸಮಾಜ ವಿಜ್ಞಾನದ ಆರು ಭಾಗಗಳಲ್ಲಿ ತಾವು ಪದವಿಯಲ್ಲಿ ಓದದೇ ಇರುವ ಭಾಗಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು. ವ್ಯವಹಾರ ಅಧ್ಯಯನ ಮತ್ತು ಭೂಗೋಳದ ನಕ್ಷೆ ಕೆಲಸದಲ್ಲಿ ಹೊಸಬರು ಸಿಕ್ಕಿಬೀಳುವುದು ಹೆಚ್ಚು. ಶಾಲೆಯಲ್ಲಿ ‘ಅದು ನನ್ನ ಭಾಗವಲ್ಲ’ ಎಂದು ಹೇಳುವ ಅವಕಾಶವಿರುವುದಿಲ್ಲ.

ಹಂತ 6: ಶಾಲಾ ಇಂಟರ್ನ್‌ಶಿಪ್

ಎರಡು ವರ್ಷಗಳಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕೆಂಬುದು ಎನ್‌ಸಿಟಿಇ ನಿಯಮ: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಒಂದು ವರ್ಷದ ಬಿ.ಇಡಿ. ಎರಡು ವರ್ಷವಾದದ್ದಕ್ಕೆ ನಿಜವಾದ ಸಮರ್ಥನೆ ಈ ವಾರಗಳಲ್ಲೇ ಇದೆ.

ಶಾಲೆಗೆ ಹೋದ ಮೊದಲ ವಾರ ಪಾಠ ಮಾಡಲು ಆತುರಪಡದೆ ನೋಡಬೇಕು. ನಿಮ್ಮ ವಿಷಯದ ಶಿಕ್ಷಕರನ್ನು ಮಾತ್ರವಲ್ಲ, ಒಂದೇ ತರಗತಿಯ ಮಕ್ಕಳ ಜೊತೆ ಇಡೀ ದಿನ ಕುಳಿತು ಎಲ್ಲ ಪಿರಿಯಡ್‌ಗಳನ್ನೂ ನೋಡಿದರೆ, ಗಣಿತದಲ್ಲಿ ಬಾಯಿ ಬಿಡದ ಹುಡುಗ ಕನ್ನಡದಲ್ಲಿ ಹೇಗೆ ಮಾತಾಡುತ್ತಾನೆ ಎಂಬುದು ಕಾಣುತ್ತದೆ. ಹಾಜರಾತಿ ಪುಸ್ತಕವನ್ನೂ ಕೇಳಿ ನೋಡಿ. ಕೊಡಗಿನ ಶಾಲೆಗಳಲ್ಲಿ ಹಾಜರಾತಿ ಋತುವನ್ನು ಅನುಸರಿಸುತ್ತದೆ: ಡಿಸೆಂಬರಿನಿಂದ ಕಾಫಿ ಕುಯಿಲು ನಡೆಯುವ ತಿಂಗಳುಗಳಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ಕೆಲವು ಮಕ್ಕಳು ತಂದೆತಾಯಿಗಳ ಜೊತೆ ತೋಟಕ್ಕೆ ಇಳಿಯುತ್ತಾರೆ ಅಥವಾ ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ, ನಾಗರಹೊಳೆ ಅಂಚಿನ ಹಾಡಿಗಳಿಂದ ಬರುವ ಮಕ್ಕಳಿಗೆ ಆನೆಯ ಭಯವಿರುವ ದಾರಿಯೇ ಒಂದು ಕಾರಣ, ಜುಲೈ, ಆಗಸ್ಟಿನಲ್ಲಿ ಜಿಲ್ಲಾಡಳಿತ ಘೋಷಿಸುವ ಮಳೆ ರಜೆಗಳು ಎಲ್ಲರಿಗೂ. ಹೀಗಾಗಿ ಒಂದು ಘಟಕವನ್ನು ಸತತ ಎಂಟು ಪಿರಿಯಡ್ ಎಂದು ಯೋಜಿಸಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಪ್ರತಿ ಪಾಠದ ಮೊದಲ ಐದು ನಿಮಿಷವನ್ನು ಹಿಂದಿನ ಪಾಠ ತಪ್ಪಿಸಿಕೊಂಡವರಿಗೆ ಎಂದು ಮೊದಲೇ ತೆಗೆದಿಡುವುದು ಇಲ್ಲಿನ ಅನುಭವಿ ಶಿಕ್ಷಕರ ಪದ್ಧತಿ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ್ದರಿಂದ, ಪ್ರೊಜೆಕ್ಟರನ್ನೇ ನಂಬಿದ ಪಾಠಕ್ಕೆ ಸೀಮೆಸುಣ್ಣದ ಇನ್ನೊಂದು ರೂಪವೂ ಸಿದ್ಧವಿರಲಿ.

ಪಾಠ ಯೋಜನೆಯನ್ನು ರಾಜ್ಯದಲ್ಲಿ ಸಾಮಾನ್ಯವಾಗಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳಲ್ಲಿ ಬರೆಸುತ್ತಾರೆ. ಹಿಂದಿನ ಸಾಲಿನವರ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡುವ ಅಭ್ಯಾಸ ಎಲ್ಲ ಕಡೆಯೂ ಇದೆ, ಮತ್ತು ಅದು ಅಭ್ಯರ್ಥಿಗೆ ಆಗುವ ದೊಡ್ಡ ನಷ್ಟ. ಯೋಜನೆಯೊಂದು ಹೇಗೆ ನಮ್ಮ ನೆಲದಿಂದಲೇ ಹುಟ್ಟಬಹುದು ಎಂಬುದಕ್ಕೆ ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಿಂದ ಒಂದು ಉದಾಹರಣೆ ನೋಡೋಣ.

ಕೊಡಗಿನ ತೋಟದ ಮನೆಗಳಲ್ಲಿ ಮಳೆಮಾಪಕವಿಟ್ಟು ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು. ‘ನಿನ್ನೆ ಮೂರು ಇಂಚು ನಲವತ್ತು ಸೆಂಟ್ ಬಿತ್ತು’ ಎಂಬ ಮಾತು ಮಕ್ಕಳ ಕಿವಿಗೆ ಹೊಸದಲ್ಲ. ಅದನ್ನು 25.4ರಿಂದ ಗುಣಿಸಿದರೆ 86.36 ಮಿಲಿಮೀಟರು. ಪಾಠ ಇಲ್ಲಿಂದ ಶುರುವಾಗಲಿ. ಅಭ್ಯಾಸಕ್ಕೆಂದು ಜೋಡಿಸಿದ ಜೂನ್ ತಿಂಗಳ 30 ದಿನಗಳ ಅಂಕಿಗಳಿವು: 0–1 ಇಂಚಿನ ವರ್ಗಾಂತರದಲ್ಲಿ 8 ದಿನ, 1–2ರಲ್ಲಿ 10, 2–3ರಲ್ಲಿ 7, 3–4ರಲ್ಲಿ 3, 4–5ರಲ್ಲಿ 2. ಮಧ್ಯಬಿಂದುಗಳಾದ 0.5, 1.5, 2.5, 3.5, 4.5ರಿಂದ ಆವೃತ್ತಿಗಳನ್ನು ಗುಣಿಸಿ ಕೂಡಿದರೆ 56. 30ರಿಂದ ಭಾಗಿಸಿದರೆ ದಿನದ ಸರಾಸರಿ ಮಳೆ ಸುಮಾರು 1.87 ಇಂಚು.

ಪಾಠ ಯೋಜನೆಯಲ್ಲಿ ಸರಿ ಉತ್ತರದಷ್ಟೇ ಮುಖ್ಯವಾಗಿ ಬರೆದಿಡಬೇಕಾದದ್ದು ಬರಬಹುದಾದ ತಪ್ಪು ಉತ್ತರ. ಒಬ್ಬ ವಿದ್ಯಾರ್ಥಿನಿ 2.37 ಎಂದು ಉತ್ತರಿಸಿದರೆ ‘ತಪ್ಪು, ಮತ್ತೆ ಮಾಡು’ ಎನ್ನುವವರು ಇನ್ನೂ ಶಿಕ್ಷಕರಾಗಿಲ್ಲ. ಆಕೆ ಮಧ್ಯಬಿಂದುವಿನ ಬದಲು ವರ್ಗಾಂತರದ ಮೇಲಿನ ಮಿತಿಯನ್ನು ತೆಗೆದುಕೊಂಡಿದ್ದಾಳೆ: 8, 20, 21, 12, 10 ಸೇರಿ 71, 30ರಿಂದ ಭಾಗಿಸಿದರೆ 2.37. ಉತ್ತರ ಸರಿಯಾದ ಸರಾಸರಿಗಿಂತ ಅರ್ಧ ಇಂಚು, ಅಂದರೆ ವರ್ಗಾಂತರದ ಅಗಲದ ಸರಿಯಾಗಿ ಅರ್ಧದಷ್ಟು ಹೆಚ್ಚಾಗಿದೆ. ‘ಈ ಎಂಟು ದಿನಗಳಲ್ಲೂ ಪೂರ್ತಿ ಒಂದೊಂದು ಇಂಚು ಬಿದ್ದಿತ್ತೇ?’ ಎಂದು ಕೇಳಿದರೆ ಆಕೆಗೇ ಹೊಳೆಯುತ್ತದೆ. ಇನ್ನೊಬ್ಬನು ಸರಿಯಾಗಿ ಒಂದು ಇಂಚು ಬಿದ್ದ ದಿನವನ್ನು ಯಾವ ವರ್ಗಾಂತರಕ್ಕೆ ಸೇರಿಸಬೇಕೆಂದು ಕೇಳಬಹುದು. ಅದು 1–2ಕ್ಕೆ ಸೇರುತ್ತದೆ ಎಂಬ ಉತ್ತರವೂ ಯೋಜನೆಯಲ್ಲಿರಲಿ.

ಈ ಉದಾಹರಣೆಯಲ್ಲಿ ಒಂದು ಸೂಕ್ಷ್ಮವಿದೆ. ಮಳೆಮಾಪಕ ಇರುವುದು ತೋಟದ ಮಾಲೀಕರ ಅಂಗಳದಲ್ಲಿ, ಲೈನ್ ಮನೆಯ ಮುಂದಲ್ಲ. ‘ನಿಮ್ಮ ಮನೆಯ ಮಳೆ ಲೆಕ್ಕ ತನ್ನಿ’ ಎಂದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಅದರ ಬದಲು ತಳ ಸಮತಟ್ಟಾಗಿದ್ದು ಗೋಡೆ ನೇರವಾಗಿರುವ ಡಬ್ಬಿಯೊಂದನ್ನು ಶಾಲೆಯ ಬಯಲಿನಲ್ಲಿಟ್ಟು, ಬೆಳಗ್ಗೆ ಸ್ಕೇಲಿನಿಂದ ನೀರಿನ ಆಳ ಅಳೆಯುವ ಕೆಲಸವನ್ನು ಸರದಿಯಂತೆ ಮಕ್ಕಳಿಗೇ ಕೊಟ್ಟರೆ ಲೆಕ್ಕ ಎಲ್ಲರದ್ದಾಗುತ್ತದೆ. ಗೋಡೆ ನೇರವಾಗಿದ್ದರೆ ಡಬ್ಬಿಯ ಬಾಯಿ ಎಷ್ಟು ಅಗಲವಿದ್ದರೂ ಆಳ ಒಂದೇ ಇರುತ್ತದೆ. ಅದು ಏಕೆಂಬುದು ಘನಫಲದ ಪಾಠಕ್ಕೆ ಒಳ್ಳೆಯ ಪ್ರಶ್ನೆ.

ಭಾಷೆಯ ವಿಚಾರವನ್ನೂ ಇಲ್ಲೇ ಹೇಳಬೇಕು. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತುಳು, ತಮಿಳು ಮನೆಮಾತಿನ ಮಕ್ಕಳಿರುವುದು ಕೊಡಗಿನಲ್ಲಿ ಸಾಮಾನ್ಯ. ಈಚೆಗೆ ಅಸ್ಸಾಂ ಮುಂತಾದ ಕಡೆಗಳಿಂದ ಬಂದ ಕಾರ್ಮಿಕರ ಮಕ್ಕಳೂ ಸೇರಿದ್ದಾರೆ. ಕನ್ನಡ ಮಾಧ್ಯಮವೆಂದರೆ ಎಲ್ಲರಿಗೂ ಕನ್ನಡ ಮನೆಮಾತು ಎಂದು ಭಾವಿಸಿದ ಪ್ರಶಿಕ್ಷಣಾರ್ಥಿಯು ಮಗುವಿಗೆ ಗೊತ್ತಿಲ್ಲದ್ದು ವಿಷಯವೋ ಪದವೋ ಎಂಬುದನ್ನು ಗುರುತಿಸಲಾರ. ಪಾಠಕ್ಕೆ ಬೇಕಾದ ನಾಲ್ಕೈದು ಪಾರಿಭಾಷಿಕ ಪದಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?’ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು, ಮತ್ತು ಅದುವರೆಗೆ ಸುಮ್ಮನಿದ್ದ ಮಗು ಮೊದಲ ಬಾರಿಗೆ ಬಾಯಿ ತೆರೆಯುವುದು ಹೆಚ್ಚಾಗಿ ಆ ಎರಡು ನಿಮಿಷಗಳಲ್ಲೇ.

ಇಂಟರ್ನ್‌ಶಿಪ್ಪಿನಲ್ಲಿ ಪಾಠದ ಜೊತೆಗೆ ಶಾಲೆಯ ಬರವಣಿಗೆಯ ಕೆಲಸವನ್ನೂ ಕಲಿಯಬೇಕು. ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ ವಹಿಗಳು, ಅಂದರೆ ಎಲ್ಲರೂ ಹೇಳುವ ಎಫ್‌ಎ, ಎಸ್‌ಎ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಇದ್ದು, ಅವುಗಳಲ್ಲಿ ಆಂತರಿಕ ಅಂಕಗಳನ್ನು ಹೇಗೆ ಕೊಡುತ್ತಾರೆ ಎಂಬ ವಿವರ. ಇವನ್ನು ಯಾರೂ ಕರೆದು ಹೇಳಿಕೊಡುವುದಿಲ್ಲ. ಮಾರ್ಗದರ್ಶಕ ಶಿಕ್ಷಕರು ವಹಿ ಬರೆಯುವಾಗ ಪಕ್ಕದಲ್ಲಿ ಕುಳಿತು ಕೈಜೋಡಿಸಬೇಕು. ತರಗತಿಯ ಒಂದು ತೊಡಕನ್ನು ಶಿಕ್ಷಕರೇ ಪರಿಶೀಲಿಸುವ ಕ್ರಿಯಾ ಸಂಶೋಧನೆಗೂ ದೊಡ್ಡ ಶೀರ್ಷಿಕೆ ಬೇಡ. ‘ಒಂಬತ್ತನೇ ತರಗತಿಯ ಮಕ್ಕಳು ನಕ್ಷೆಯಲ್ಲಿ ಅಕ್ಷಾಂಶ, ರೇಖಾಂಶಗಳನ್ನು ಅದಲು ಬದಲು ಮಾಡುವುದೇಕೆ’ ಎಂಬಷ್ಟು ಚಿಕ್ಕ ಪ್ರಶ್ನೆಯನ್ನು ಹಿಡಿದು ಮೂರು ವಾರ ಬೆನ್ನುಹತ್ತಿದರೆ ಸಾಕು.

ಹಂತ 7: ಟಿಇಟಿ ಮತ್ತು ನೇಮಕಾತಿ ಪರೀಕ್ಷೆಗಳು

ಇಲ್ಲಿ ಗೊಂದಲ ಹೆಚ್ಚು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯ 1ರಿಂದ 8ನೇ ತರಗತಿಗಳ ಶಿಕ್ಷಕರಿಗೆ ಸಂಬಂಧಿಸಿದ್ದು. ಬಿ.ಇಡಿ. ಮಾಡಿದವರು ಬರೆಯಬೇಕಾದದ್ದು 6ರಿಂದ 8ನೇ ತರಗತಿಗಳ ಎರಡನೇ ಪತ್ರಿಕೆ. 150 ಅಂಕಗಳಲ್ಲಿ ಮಕ್ಕಳ ವಿಕಸನ ಮತ್ತು ಬೋಧನಾ ಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ 60. ಸಮಯ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗದವರು ಶೇ 60, ಅಂದರೆ 90 ಅಂಕ ಪಡೆಯಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55. ಮೊದಲು ಏಳು ವರ್ಷವಿದ್ದ ಪ್ರಮಾಣಪತ್ರದ ಮಾನ್ಯತೆಯನ್ನು 2021ರಲ್ಲಿ ಜೀವನಪೂರ್ತಿಗೆ ವಿಸ್ತರಿಸಲಾಗಿದೆ. ಬಿ.ಇಡಿ. ಅಂತಿಮ ವರ್ಷದಲ್ಲಿರುವಾಗಲೇ ಬರೆದು ಮುಗಿಸುವುದು ಒಳ್ಳೆಯದು. ಮೊದಲ ಪತ್ರಿಕೆಗೆ ಹಣ ಕಟ್ಟುವುದರಿಂದ ಪ್ರಯೋಜನವಿಲ್ಲ, ಬಿ.ಇಡಿ. ಮಾತ್ರ ಇರುವವರು 1ರಿಂದ 5ನೇ ತರಗತಿಯ ಹುದ್ದೆಗೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ತೀರ್ಪಿತ್ತಿದೆ.

ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ, ಜಿಪಿಎಸ್‌ಟಿಆರ್, 6ರಿಂದ 8ನೇ ತರಗತಿಗಳಿಗೆ. ಇದಕ್ಕೆ ಟಿಇಟಿ ಕಡ್ಡಾಯ. 2022ರಲ್ಲಿ 15,000 ಹುದ್ದೆಗಳಿಗೆ ಈ ಪರೀಕ್ಷೆ ನಡೆದಾಗ ಸ್ಪರ್ಧಾತ್ಮಕ ಪರೀಕ್ಷೆಯ ಜೊತೆಗೆ ಟಿಇಟಿ, ಪದವಿ ಮತ್ತು ಬಿ.ಇಡಿ. ಅಂಕಗಳಿಗೂ ಪಾಲಿತ್ತು, ವಿಷಯ ಪತ್ರಿಕೆಯಲ್ಲಿ ವಿವರವಾಗಿ ಬರೆಯುವ ಭಾಗವೂ ಇತ್ತು. ಆದ್ದರಿಂದ ಬಹು ಆಯ್ಕೆ ಪ್ರಶ್ನೆಗಳ ಅಭ್ಯಾಸವನ್ನೇ ನೆಚ್ಚಿಕೊಂಡವರು ಕಷ್ಟಪಡುತ್ತಾರೆ. ಪ್ರೌಢಶಾಲಾ ಸಹ ಶಿಕ್ಷಕರ ನೇಮಕಾತಿ ಇದಕ್ಕಿಂತ ಬೇರೆ. ಅದರ ಅಧಿಸೂಚನೆ ವಿಭಾಗವಾರು ಬರುತ್ತದೆ, ಕೊಡಗು ಸೇರುವುದು ಮೈಸೂರು ವಿಭಾಗಕ್ಕೆ. ಅಧಿಸೂಚನೆಗಳ ನಡುವೆ ಹಲವು ವರ್ಷಗಳ ಅಂತರವಿರುವುದು ಸಾಮಾನ್ಯವಾದ್ದರಿಂದ ಅದೊಂದನ್ನೇ ಕಾಯುತ್ತ ಕುಳಿತುಕೊಳ್ಳುವುದು ಜಾಣತನವಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಏಕಲವ್ಯ ಮಾದರಿ ಶಾಲೆಗಳು, ನವೋದಯ ಮತ್ತು ಕೇಂದ್ರೀಯ ವಿದ್ಯಾಲಯಗಳ ಅಧಿಸೂಚನೆಗಳ ಮೇಲೂ ಕಣ್ಣಿರಲಿ. ನವೋದಯ, ಕೇಂದ್ರೀಯ ವಿದ್ಯಾಲಯಗಳಿಗೆ ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿಯ ಎರಡನೇ ಪತ್ರಿಕೆ ಬೇಕು. ಪಿಯು ಉಪನ್ಯಾಸಕರಾಗುವ ಆಸೆಯಿದ್ದವರು ಬಿ.ಇಡಿ.ಯ ಜೊತೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕಗಳನ್ನೂ ಗಮನದಲ್ಲಿಟ್ಟುಕೊಳ್ಳಬೇಕು.

ಹಂತ 8: ಕಾಯುವ ವರ್ಷಗಳು ಮತ್ತು ಮೊದಲ ಹುದ್ದೆ

ಬಿ.ಇಡಿ. ಮುಗಿದು ನೇಮಕಾತಿಯಾಗುವವರೆಗಿನ ಅವಧಿಗೆ ಎರಡು ಆಯ್ಕೆಗಳಿವೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕರ ಕೆಲಸ ಅಥವಾ ಖಾಸಗಿ ಶಾಲೆ. ಅತಿಥಿ ಶಿಕ್ಷಕರನ್ನು ಶೈಕ್ಷಣಿಕ ವರ್ಷದ ಆರಂಭದಲ್ಲಿ ಖಾಲಿ ಹುದ್ದೆಗಳೆದುರು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮೇ ತಿಂಗಳ ಕೊನೆಯಲ್ಲೇ ಹತ್ತಿರದ ಶಾಲೆಗಳ ಮುಖ್ಯ ಶಿಕ್ಷಕರನ್ನೂ ಮಡಿಕೇರಿ, ಸೋಮವಾರಪೇಟೆ ಅಥವಾ ವಿರಾಜಪೇಟೆಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯನ್ನೂ ವಿಚಾರಿಸಬೇಕು. ಗೌರವಧನ ಕಡಿಮೆ, ಅದು ಕೈಗೆ ಬರುವುದೂ ತಡ. ಪಟ್ಟಣದಲ್ಲಿ ರೂಮು ಹಿಡಿದು ಅದರಲ್ಲಿ ಬದುಕುವುದು ಕಷ್ಟ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಪರೀಕ್ಷೆಗೆ ಓದುವವರಿಗೆ ದಿನವೂ ಹತ್ತನೇ ತರಗತಿಗೆ ಪಾಠ ಮಾಡುವುದಕ್ಕಿಂತ ಒಳ್ಳೆಯ ಪುನರ್ಮನನ ಬೇರೆ ಸಿಗದು, ಹಾಗಾಗಿ ಮನೆಯಿಂದ ಹೋಗಿಬರುವ ದೂರದಲ್ಲಿ ಸಿಕ್ಕಿದರೆ ಬಿಡಬೇಡಿ. ಖಾಸಗಿ ಶಾಲೆಗೆ ಸೇರುವವರು ನೇಮಕಾತಿ ಪತ್ರವನ್ನು ಬರಹದಲ್ಲಿ ಪಡೆಯಬೇಕು, ಮತ್ತು ಮೂಲ ಅಂಕಪಟ್ಟಿಗಳನ್ನು ಯಾವ ಕಾರಣಕ್ಕೂ ಅಲ್ಲಿ ಬಿಟ್ಟುಬರಬಾರದು. ದಾಖಲೆ ಪರಿಶೀಲನೆಯ ದಿನ ಮೂಲ ಪ್ರತಿಯೇ ಬೇಕಾಗುತ್ತದೆ.

ಸರ್ಕಾರಿ ಹುದ್ದೆಗೆ ಆಯ್ಕೆಯಾದವರಿಗೆ ದಾಖಲೆಗಳ ನೈಜತೆ ಪರಿಶೀಲನೆ, ವೈದ್ಯಕೀಯ ತಪಾಸಣೆ, ಪೊಲೀಸ್ ವರದಿ ಮುಗಿದ ಮೇಲೆ ಸ್ಥಳ ಆಯ್ಕೆಯ ಕೌನ್ಸೆಲಿಂಗ್ ನಡೆಯುತ್ತದೆ. ಮೆರಿಟ್ ಕ್ರಮದಲ್ಲಿ ಕರೆದಾಗ ಪರದೆಯ ಮೇಲಿನ ಖಾಲಿ ಶಾಲೆಗಳ ಪಟ್ಟಿಯಿಂದ ಕೆಲವೇ ನಿಮಿಷಗಳಲ್ಲಿ ಒಂದನ್ನು ಹೇಳಬೇಕು. ಪಟ್ಟಿ ಮುಂಚಿತವಾಗಿ ಪ್ರಕಟವಾದರೆ ಪ್ರತಿ ಶಾಲೆಗೆ ಬಸ್ಸಿದೆಯೇ, ಮಳೆಗಾಲದಲ್ಲಿ ದಾರಿ ಇರುತ್ತದೆಯೇ, ನಿಮ್ಮ ವಿಷಯದ ಇನ್ನೊಬ್ಬ ಶಿಕ್ಷಕರು ಅಲ್ಲಿದ್ದಾರೆಯೇ ಎಂದು ವಿಚಾರಿಸಿ ಹತ್ತು ಹದಿನೈದು ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಂಡು ಹೋಗಿ. ಸೇರಿದ ಮೇಲೆ ಕನಿಷ್ಠ ಎರಡು ವರ್ಷ ಪರೀಕ್ಷಾರ್ಥ ಅವಧಿ. ಆ ಅವಧಿ ತೃಪ್ತಿಕರವಾಗಿ ಮುಗಿದಿದೆ ಎಂಬ ಆದೇಶವನ್ನು ಕೇಳಿ ಪಡೆದು, ಸೇವಾ ಪುಸ್ತಕದಲ್ಲಿ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.